ಎಂಜಿನ್ ನಿಂತ ಮೇಲೆ ಜಲವಿಮಾನ

ಭೂಪಟವನ್ನು ಬಿಚ್ಚಿ, ಭೀಮಾ ನದಿಯ ಉಜನಿ ಜಲಾಶಯದಿಂದ ಕೃಷ್ಣೆಯ ಆಲಮಟ್ಟಿ ಜಲಾಶಯದವರೆಗೆ ಒಂದು ನೇರವಾದ ಗೆರೆಯನ್ನೆಳೆದರೆ, ಸುಮಾರು 200 ಕಿಲೋಮೀಟರ್ ಉದ್ದದ ಆ ಗೆರೆ ನಡುದಾರಿಯಲ್ಲಿ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವಭಾಗವನ್ನು, ಎಂದರೆ ಸಂಖ, ಉಮದಿ ಮೊದಲಾದ ಕನ್ನಡ ನುಡಿಯುವ ಊರುಗಳ ಸೀಮೆಯನ್ನು, ಹಾಯ್ದು ಹೋಗುವುದು ಕಾಣುತ್ತದೆ. ಈ ಎರಡು ಜಲರಾಶಿಗಳ ನಡುವೆ ಇಂದು ಜಲವಿಮಾನದ ಸಂಚಾರವಿಲ್ಲ. ಆದರೆ ಯಾವ ಕೃಷ್ಣೆಯ ನೀರನ್ನು ಮ್ಹೈಸಾಳ ಏತ ನೀರಾವರಿಯ ಪಂಪುಗಳು ಎತ್ತಿ ಜತ್ತದ ಬರಡು ನೆಲಕ್ಕೆ ಹರಿಸುತ್ತವೆಯೋ ಅದೇ ಕೃಷ್ಣೆಯ ಮೇಲೆ, ಬಹುದೂರ ಕೆಳಗೆ, 2024ರ ನವೆಂಬರ್ 9ರಂದು ವಿಜಯವಾಡದಿಂದ ಶ್ರೀಶೈಲಕ್ಕೆ ಒಂದು ಜಲವಿಮಾನ ಪ್ರಾಯೋಗಿಕವಾಗಿ ಹಾರಿ ಇಳಿದುದುಂಟು. ಅದಕ್ಕೂ ಮೊದಲು, 2020ರ ಅಕ್ಟೋಬರ್ 31ರಂದು, ಅಹಮದಾಬಾದಿನ ಸಾಬರಮತಿಯಿಂದ ಸರ್ದಾರ್ ಪಟೇಲರ ಪ್ರತಿಮೆಯ ಸನ್ನಿಧಿಗೆ ಪ್ರಾರಂಭವಾದ ಸೇವೆಯೊಂದು ಕೆಲವೇ ತಿಂಗಳುಗಳಲ್ಲಿ ನಿಂತುಹೋದುದೂ ಉಂಟು. ದೇಶದ ಅಣೆಕಟ್ಟುಗಳ ಹಿನ್ನೀರೆಲ್ಲ ಒಂದು ದಿನ ವಿಮಾನದ ನೆಲೆಯಾದೀತೆಂಬ ಮಾತು ಹೀಗೆ ಕಿವಿಗೆ ಬೀಳುತ್ತಿರುವಾಗ, ಸಾಮಾನ್ಯನ ಮನಸ್ಸಿನಲ್ಲಿ ಮೊದಲು ಏಳತಕ್ಕ ಪ್ರಶ್ನೆಯನ್ನು ಇಲ್ಲಿ ವಿಚಾರಿಸುವುದು ಯುಕ್ತವೆಂದು ತೋರುತ್ತದೆ: ನೀರಿನ ಮೇಲಿಳಿಯಲೆಂದೇ ನಿರ್ಮಿತವಾದ ವಿಮಾನದ ಎಂಜಿನ್ ಆಕಾಶಮಧ್ಯದಲ್ಲಿ ನಿಂತುಬಿಟ್ಟರೆ ಮುಂದೇನು?

ಜಲವಿಮಾನಗಳಲ್ಲಿ ಎರಡು ಬಗೆಗಳುಂಟು. ಚಕ್ರಗಳ ಸ್ಥಾನದಲ್ಲಿ ಫ್ಲೋಟ್ ಎನ್ನಿಸಿಕೊಳ್ಳುವ ಎರಡು ನೀಳವಾದ ಟೊಳ್ಳು ತೆಪ್ಪಗಳನ್ನು ಧರಿಸಿರುವುದು ಒಂದು ಬಗೆ. ಒಡಲೇ ದೋಣಿಯ ಆಕಾರವನ್ನು ತಾಳಿ ನೀರಿನಲ್ಲಿ ಕುಳಿತುಕೊಳ್ಳುವ ‘ಫ್ಲೈಯಿಂಗ್ ಬೋಟ್’ ಇನ್ನೊಂದು ಬಗೆ. ಫ್ರಾನ್ಸಿನ ಆನ್ರಿ ಫಾಬ್ರ್ ಎಂಬಾತನು 1910ರ ಮಾರ್ಚ್ 28ರಂದು ಮೊದಲ ಬಾರಿಗೆ ನೀರಿನಿಂದ ವಿಮಾನವನ್ನು ಮೇಲಕ್ಕೆಬ್ಬಿಸಿದನು. ಅಲ್ಲಿಂದ ಮೂರು ದಶಕಗಳ ಕಾಲ, ಭೂಮಿಯ ಮೇಲೆ ಒಳ್ಳೆಯ ವಿಮಾನನಿಲ್ದಾಣಗಳು ವಿರಳವಾಗಿದ್ದುದರಿಂದಲೂ, ಎಂಜಿನ್ನುಗಳು ನಂಬತಕ್ಕವಾಗಿರದ ಕಾರಣದಿಂದಲೂ, ದೂರದ ಪ್ರಯಾಣಕ್ಕೆ ಹೊರಟವರು ಜಲವಿಮಾನವನ್ನೇ ಆಶ್ರಯಿಸಿದರು. ಎಂಜಿನ್ ಕೈಕೊಟ್ಟರೂ ಕೆಳಗೆ ಎಲ್ಲೆಲ್ಲಿಯೂ ಇಳಿದಾಣವಿದೆಯೆಂಬ ಧೈರ್ಯ ಅವರದಾಗಿದ್ದಿತು. ಆ ಧೈರ್ಯ ಎಷ್ಟು ಮಟ್ಟಿಗೆ ಸಾಧುವಾದುದೆಂಬುದನ್ನು 1924ರ ಎರಡು ಘಟನೆಗಳು ಪರಸ್ಪರ ವಿರುದ್ಧವಾದ ರೀತಿಯಲ್ಲಿ ತೋರಿಸಿಕೊಟ್ಟವು.

ಆ ವರ್ಷದ ಏಪ್ರಿಲ್ 6ರಂದು ಅಮೆರಿಕದ ಸೇನೆಯ ನಾಲ್ಕು ಡಗ್ಲಸ್ ವಿಮಾನಗಳು, ಭೂಪ್ರದಕ್ಷಿಣೆಯ ಸಂಕಲ್ಪವನ್ನು ಮಾಡಿ, ಸಿಯಾಟಲ್ ನಗರದಿಂದ ಹೊರಟವು. ಒಂದೊಂದು ವಿಮಾನಕ್ಕೂ ಒಂದೇ ಎಂಜಿನ್. ದಾರಿಗನುಗುಣವಾಗಿ ಚಕ್ರಗಳನ್ನಾಗಲಿ ಫ್ಲೋಟುಗಳನ್ನಾಗಲಿ ಬದಲಾಯಿಸಿ ತೊಡಿಸಬಹುದಾದಂತಹ ರಚನೆ. ಕಲ್ಕತ್ತೆಯಲ್ಲಿ ಫ್ಲೋಟುಗಳನ್ನು ಕಳಚಿ ಚಕ್ರಗಳನ್ನು ತೊಟ್ಟು, ಅಲಹಾಬಾದ್, ಅಂಬಾಲಾ, ಮುಲ್ತಾನ್‌ಗಳ ಮೇಲೆ ಕರಾಚಿಗೆ ಹೋದ ಈ ವಿಮಾನಗಳನ್ನು ನಮ್ಮ ದೇಶದ ಜನರೂ ಕಂಡಿದ್ದಾರೆ. ಅದಕ್ಕೆ ಕೆಲವು ವಾರಗಳ ಮೊದಲು, ಜೂನ್ ತಿಂಗಳಲ್ಲಿ, ಇಂದಿನ ವಿಯೆಟ್ನಾಮಿನ ಕರಾವಳಿಯನ್ನು ಅನುಸರಿಸಿ ಹಾರುತ್ತಿದ್ದಾಗ ‘ಶಿಕಾಗೊ’ ಎಂಬ ಹೆಸರಿನ ವಿಮಾನದ ಎಂಜಿನ್ನು ಕಾದು ಕೆಂಡವಾಗಿ, ಅದರೊಳಗಿನ ಕನೆಕ್ಟಿಂಗ್ ರಾಡ್ ಮುರಿಯಿತು. ಚಾಲಕನಾದ ಲೋವೆಲ್ ಸ್ಮಿತ್ ಸಮುದ್ರವನ್ನು ಬಿಟ್ಟು, ದಡದೊಳಗಿನ ಶಾಂತವಾದ ಹಿನ್ನೀರೊಂದನ್ನು ಆರಿಸಿಕೊಂಡು ಅಲ್ಲಿ ಇಳಿದನು. ಇಂತಹ ಯಂತ್ರವನ್ನು ಎಂದೂ ಕಂಡರಿಯದ ಊರಜನ ಬಂದು ಫ್ಲೋಟುಗಳ ಮೇಲೆ ಹತ್ತಿ ನೋಡಿದರು. ಅಲ್ಲಿದ್ದ ಪಾದ್ರಿಗಳು ಅನ್ನಪಾನಗಳನ್ನು ಒದಗಿಸಿದರು. ಮರುದಿನ ಮೂರು ಸಾಂಪಾನ್ ದೋಣಿಗಳಿಗೆ ವಿಮಾನವನ್ನು ಕಟ್ಟಿ, ಹುಟ್ಟುಹಾಕುವವರು ಹತ್ತು ಗಂಟೆಗಳ ಕಾಲ ದುಡಿದು, 25 ಮೈಲಿಗಳಾಚೆಯ ಹ್ವೇ ನಗರಕ್ಕೆ ಅದನ್ನು ಎಳೆದು ಮುಟ್ಟಿಸಿದರು. ಸೈಗಾನಿನಿಂದ ಹೊಸ ಎಂಜಿನ್ ಬಂದಿತು. ‘ಶಿಕಾಗೊ’ ಮತ್ತೆ ಹಾರಿ, ಸೆಪ್ಟೆಂಬರ್ 28ರಂದು ಸಿಯಾಟಲ್ಲಿಗೆ ಹಿಂದಿರುಗಿ, ಭೂಮಿಯನ್ನು ಸುತ್ತಿಬಂದ ಮೊದಲ ವಿಮಾನಗಳ ಸಾಲಿನಲ್ಲಿ ಸೇರಿತು. ಈ ಕಥೆಯಲ್ಲಿ ವೈಮಾನಿಕನ ಕೌಶಲಕ್ಕೆ ಎಷ್ಟು ಪಾಲು ಸಲ್ಲಬೇಕೋ, ಇತಿಹಾಸವು ಹೆಸರನ್ನು ಬರೆದಿಡದ ಆ ಅಂಬಿಗರಿಗೂ ಅಷ್ಟೇ ಪಾಲು ಸಲ್ಲಬೇಕೆಂದು ನನ್ನ ದೃಢವಾದ ಅಭಿಪ್ರಾಯ.

ಅದೇ ಯಾತ್ರೆಯ ‘ಬಾಸ್ಟನ್’ ವಿಮಾನಕ್ಕೆ ಅಂತಹ ಭಾಗ್ಯ ಒದಗಲಿಲ್ಲ. ಆಗಸ್ಟ್ 3ರಂದು, ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಿಂದ ಐಸ್‌ಲೆಂಡಿನ ಕಡೆಗೆ ಹಾರುತ್ತಿದ್ದಾಗ ಅದರ ಎಣ್ಣೆಯ ಪಂಪು ಕೆಟ್ಟಿತು. ಎಣ್ಣೆಯಿಲ್ಲದ ಎಂಜಿನ್ನು ಕೆಲವು ನಿಮಿಷಗಳಲ್ಲಿಯೇ ತನ್ನನ್ನು ತಾನು ಅರೆದುಕೊಂಡು ನಾಶವಾಗುತ್ತದೆ. ಆದುದರಿಂದ ಚಾಲಕ ಲೀ ವೇಡ್, ತನ್ನ ಸಹಾಯಕ ಹೆನ್ರಿ ಆಗ್ಡನ್ನನೊಡನೆ, ತೆರೆದ ಅಟ್ಲಾಂಟಿಕ್ ಸಾಗರದ ಮೇಲೆಯೇ ವಿಮಾನವನ್ನು ಇಳಿಸಿದನು. ಇಳಿದುದೇನೋ ನಿರಪಾಯವಾಗಿಯೇ ಆಯಿತು. ಸಂಗಡಿಗರ ವಿಮಾನ ಹೋಗಿ ನೌಕಾಪಡೆಗೆ ಸುದ್ದಿಯನ್ನು ಮುಟ್ಟಿಸಿತು. ‘ರಿಚ್ಮಂಡ್’ ಎಂಬ ಯುದ್ಧನೌಕೆ ಬಂದು ಇಬ್ಬರನ್ನೂ ರಕ್ಷಿಸಿತು. ಆದರೆ ವಿಮಾನವನ್ನು ಮೇಲಕ್ಕೆತ್ತಿಕೊಳ್ಳಲು ಹೋದಾಗ ನೌಕೆಯ ಎತ್ತುಗೋಲು ಮುರಿದು ‘ಬಾಸ್ಟನ್’ ಮತ್ತೆ ನೀರಿಗೆ ಬಿದ್ದು ಜಖಂಗೊಂಡಿತು. ಹಗ್ಗ ಕಟ್ಟಿ ಎಳೆದೊಯ್ಯುತ್ತಿರುವಾಗ, ಫೆರೋ ದ್ವೀಪಗಳು ಇನ್ನೇನು ಸಮೀಪಿಸಿದುವೆನ್ನುವಷ್ಟರಲ್ಲಿ, ಮಗುಚಿ ಮುಳುಗಿಹೋಯಿತು. ಒಂದೇ ಜಾತಿಯ ಯಂತ್ರ, ಒಂದೇ ಜಾತಿಯ ಕಷ್ಟ, ಇಬ್ಬರೂ ಸಮಾನ ಕುಶಲರು. ಆದರೂ ಒಂದು ಉಳಿಯಿತು, ಇನ್ನೊಂದು ಅಳಿಯಿತು. ವ್ಯತ್ಯಾಸವಿದ್ದುದು ಕೆಳಗಿನ ನೀರಿನಲ್ಲಿ ಮತ್ತು ಇಳಿದಾದ ಮೇಲೆ ದೊರೆತ ನೆರವಿನಲ್ಲಿ. ಜಲವಿಮಾನದ ತುರ್ತು ಇಳಿತವನ್ನು ಕುರಿತು ಯೋಚಿಸುವವರು ಈ ಮಾತನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಎಂಜಿನ್ ನಿಂತೊಡನೆ ವಿಮಾನ ಕಲ್ಲಿನಂತೆ ಕೆಳಕ್ಕುರುಳುತ್ತದೆಂಬುದು ಲೋಕರೂಢಿಯ ಕಲ್ಪನೆ. ವಸ್ತುಸ್ಥಿತಿ ಹಾಗಿಲ್ಲ. ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆಗಳ ಮೇಲೆ ಹರಿಯುವ ಗಾಳಿ. ಎಂಜಿನ್ನಿನ ಕೆಲಸ ಆ ಗಾಳಿ ಹರಿಯುವಂತೆ ಮುನ್ನೂಕುವುದು ಮಾತ್ರ. ಎತ್ತು ಬಿಚ್ಚಿದ ಬಂಡಿ ಇಳಿಜಾರಿನಲ್ಲಿ ತಾನಾಗಿಯೇ ಉರುಳುವಂತೆ, ಎಂಜಿನ್ ನಿಂತ ವಿಮಾನವೂ ಮೂಗನ್ನು ಕೊಂಚ ತಗ್ಗಿಸಿದರೆ ತನ್ನ ಎತ್ತರವನ್ನೇ ವ್ಯಯಮಾಡುತ್ತ ಮುಂದೆ ಮುಂದೆ ಜಾರುತ್ತದೆ. ಸಣ್ಣ ವಿಮಾನವೊಂದು ಒಂದು ಕಿಲೋಮೀಟರ್ ಎತ್ತರದಿಂದ ಸುಮಾರು ಒಂಬತ್ತು ಕಿಲೋಮೀಟರ್ ದೂರ ಹೀಗೆ ಸಾಗಬಲ್ಲದು. ಫ್ಲೋಟುಗಳು ಗಾಳಿಗೆ ಒಡ್ಡುವ ತಡೆಯ ದೆಸೆಯಿಂದ ಜಲವಿಮಾನಕ್ಕೆ ಅದು ಏಳೆಂಟು ಕಿಲೋಮೀಟರಿಗೆ ಕುಗ್ಗುತ್ತದೆ. ಕಾಲದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ನಾಲ್ಕು ನಿಮಿಷ. ನಾಲ್ಕು ನಿಮಿಷ ಅಲ್ಪವೆಂದು ತೋರಬಹುದು. ಆದರೆ 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಎರಡು ಎಂಜಿನ್ನುಗಳೂ ಸತ್ತ ದೊಡ್ಡ ವಿಮಾನವನ್ನು, ಫ್ಲೋಟುಗಳಿಲ್ಲದೆಯೇ, ಹಡ್ಸನ್ ನದಿಯ ಮೇಲಿಳಿಸಿ 155 ಜನರ ಪ್ರಾಣವನ್ನು ಉಳಿಸಿದವರಿಗೆ ಅಷ್ಟು ಕಾಲವೂ ದೊರೆತಿರಲಿಲ್ಲ.

ಈ ನಿಮಿಷಗಳಲ್ಲಿ ಚಾಲಕನ ಪರಮಶತ್ರುವೆಂದರೆ ಅವನ ಸ್ವಭಾವಸಿದ್ಧವಾದ ಭಯ. ನೆಲ ಮೇಲೇರಿ ಬರುತ್ತಿರುವುದನ್ನು ಕಂಡಾಗ ಕೈ ತಾನಾಗಿಯೇ ವಿಮಾನದ ಮೂಗನ್ನು ಎತ್ತಲು ಹವಣಿಸುತ್ತದೆ. ಹಾಗೆ ಎತ್ತಿದೊಡನೆ ವೇಗ ಕುಗ್ಗಿ, ರೆಕ್ಕೆಯ ಮೇಲಣ ಗಾಳಿಯ ಪ್ರವಾಹ ಕದಡಿ, ‘ಸ್ಟಾಲ್’ ಎಂಬ ಸ್ಥಿತಿಯುಂಟಾಗುತ್ತದೆ. ಆಗ ಮಾತ್ರ ವಿಮಾನ ನಿಜವಾಗಿಯೂ ಬೀಳುತ್ತದೆ. ಮೇಲೇರಿದ ಸ್ವಲ್ಪ ಹೊತ್ತಿನಲ್ಲಿಯೇ ಎಂಜಿನ್ ನಿಂತಾಗ, ಹೊರಟ ಸ್ಥಳಕ್ಕೆ ಹಿಂತಿರುಗುವ ಆಸೆಯಿಂದ ಕಡಿಮೆ ಎತ್ತರದಲ್ಲಿ ತಿರುವು ತೆಗೆದುಕೊಳ್ಳಹೋಗಿ ಮಡಿದವರು ಬಹುಮಂದಿ. ಮೂಗನ್ನು ತಗ್ಗಿಸು, ವೇಗವನ್ನು ಕಾಪಾಡು, ಎದುರಿಗೆ ಸಿಕ್ಕಿದ ಜಾಗದಲ್ಲಿಯೇ ಇಳಿ ಎಂಬುದನ್ನು ವೈಮಾನಿಕ ಶಾಲೆಗಳಲ್ಲಿ ಮಂತ್ರದಂತೆ ಜಪಿಸಿ ಕಲಿಸುವುದು ಇದಕ್ಕಾಗಿಯೇ. ವಿಸ್ತಾರವಾದ ನೀರಿನಿಂದ ಹೊರಟ ಜಲವಿಮಾನಕ್ಕಾದರೋ ಎದುರಿಗೆ ಇನ್ನೂ ನೀರು ಉಳಿದಿರುವ ಸಂಭವ ಹೆಚ್ಚಾದುದರಿಂದ, ಈ ಮಂತ್ರ ಅದಕ್ಕೆ ಹೆಚ್ಚು ಸುಲಭವಾಗಿ ಫಲಿಸುತ್ತದೆ.

ಇನ್ನು ನೀರನ್ನು ಓದುವ ವಿದ್ಯೆ. ಇದನ್ನು ನಮ್ಮ ಕೃಷ್ಣಾತೀರದ ಅಂಬಿಗರೂ ಬಲ್ಲರು. ಗಾಳಿ ಎತ್ತಣಿಂದ ಬೀಸುತ್ತಿದೆಯೆಂಬುದನ್ನು ತೆರೆಗಳ ಸಾಲು, ನೀರಿನ ಮೇಲೆ ನೊರೆ ಎಳೆದ ಗೆರೆಗಳು, ದಡದ ಹೊಗೆ ಇವು ತಿಳಿಸುತ್ತವೆ. ಗಾಳಿ ಬರುವ ಬದಿಯ ದಂಡೆಯ ಮರೆಯಲ್ಲಿ ಒಂದು ಪಟ್ಟಿಯಷ್ಟು ನೀರು ಶಾಂತವಾಗಿರುತ್ತದೆ. ಗಾಳಿಗೆ ಎದುರಾಗಿ ಇಳಿದರೆ, ನೀರನ್ನು ತಾಕುವ ವೇಗ ಗಾಳಿಯ ವೇಗದಷ್ಟು ಕಡಿಮೆಯಾಗುತ್ತದೆ; ಆಘಾತವು ವೇಗದ ವರ್ಗವನ್ನು ಅನುಸರಿಸುವುದರಿಂದ, ವೇಗ ಕಾಲುಭಾಗ ತಗ್ಗಿದರೆ ಆಘಾತ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಗಾಳಿಯೇ ಇಲ್ಲದೆ ಕನ್ನಡಿಯಂತೆ ನಿಶ್ಚಲವಾದ ನೀರು ಎಲ್ಲಕ್ಕಿಂತ ಕ್ಷೇಮಕರವೆಂದು ನೋಡುವವರಿಗೆ ತೋರಿದರೂ, ವೈಮಾನಿಕನನ್ನು ಅತ್ಯಂತ ಮೋಸಗೊಳಿಸುವುದು ಅದೇ. ಅದರಲ್ಲಿ ಆಕಾಶವೇ ಪ್ರತಿಬಿಂಬಿಸುವುದರಿಂದ ತಾನು ಐವತ್ತು ಅಡಿ ಮೇಲಿದ್ದೇನೆಯೋ ಐದು ಅಡಿ ಮೇಲಿದ್ದೇನೆಯೋ ಎಂಬುದು ಕಣ್ಣಿಗೆ ನಿಲುಕುವುದಿಲ್ಲ. ಎಂಜಿನ್ ಜೀವಂತವಾಗಿದ್ದರೆ ಅದರ ಬಲದಿಂದ ಮೆಲ್ಲಮೆಲ್ಲನೆ ನೀರು ತಾಕುವವರೆಗೂ ಇಳಿಯುತ್ತ ಹೋಗಬಹುದು. ಸತ್ತ ಎಂಜಿನ್ನಿನವನಿಗೆ ಆ ಸೌಕರ್ಯವಿಲ್ಲ. ಅವನು ದಂಡೆಯನ್ನು, ಆಪನ್ನು, ಗಿಡಗಂಟಿಗಳನ್ನು ಪಕ್ಕದಲ್ಲಿರಿಸಿಕೊಂಡು, ಅವುಗಳ ಅಳತೆಯಿಂದ ತನ್ನ ಎತ್ತರವನ್ನು ಊಹಿಸಿ ಇಳಿಯಬೇಕು.

ಫ್ಲೋಟಿನ ತಳವನ್ನು ನೋಡಿದರೆ, ನಡುವಿಗಿಂತ ತುಸು ಹಿಂದೆ ಮೆಟ್ಟಿಲಿನಂತಹ ಒಂದು ಕಡಿತ ಕಾಣುತ್ತದೆ. ನೀರು ತಳಕ್ಕೆ ಅಂಟಿಕೊಂಡು ಹಿಂದಕ್ಕೆಳೆಯದಂತೆ ಬಿಡಿಸುವುದೇ ಇದರ ಪ್ರಯೋಜನ. ಮೂಗನ್ನು ಅತಿಯಾಗಿ ತಗ್ಗಿಸಿ ಇಳಿದರೆ ಫ್ಲೋಟಿನ ತುದಿ ನೀರನ್ನು ಅಗೆದು ವಿಮಾನ ಪಲ್ಟಿಯಾಗುತ್ತದೆ. ಆದುದರಿಂದ ಕೊಂಚ ಮೇಲ್ಮೊಗವಾಗಿ, ಆ ಮೆಟ್ಟಿಲು ಮೊದಲು ನೀರನ್ನು ಮುಟ್ಟುವಂತೆ ಇಳಿಸುವುದೇ ಕುಶಲತೆ. ಫ್ಲೋಟುಗಳು ವಿಮಾನದ ಪೂರ್ಣ ಭಾರವನ್ನು ಹೊತ್ತು, ಮೇಲೆ ಇನ್ನೂ ನೂರಕ್ಕೆ 80ರಷ್ಟು ಹೆಚ್ಚುವರಿಯನ್ನು ತೇಲಿಸಬಲ್ಲವಾಗಿರಬೇಕೆಂಬುದು ಅಮೆರಿಕದ ವಿಮಾನನಿಯಮಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಕಟ್ಟಳೆ. ಒಂದೊಂದು ಫ್ಲೋಟಿನಲ್ಲಿಯೂ ನೀರು ನುಗ್ಗದ ನಾಲ್ಕಾದರೂ ಕೋಣೆಗಳಿದ್ದು, ಎರಡು ಕೋಣೆಗಳು ಒಡೆದರೂ ಮುಳುಗಬಾರದೆಂಬುದು 2017ರವರೆಗೆ ಅದರೊಡನೆ ಸೇರಿದ್ದ ನಿಬಂಧನೆ.

ಇಳಿದ ಮೇಲಿನ ಅವಸ್ಥೆಯನ್ನು ಬಹುಮಂದಿ ಆಲೋಚಿಸುವುದಿಲ್ಲ. ಎಂಜಿನ್ನಿಲ್ಲದ ಜಲವಿಮಾನಕ್ಕೆ ಬ್ರೇಕಿಲ್ಲ, ಹುಟ್ಟಿಲ್ಲ. ಗಾಳಿ ನೂಕಿದತ್ತ ಅದು ಹಿಮ್ಮುಖವಾಗಿ ತೇಲುತ್ತದೆ. ಬಾಲದ ಚುಕ್ಕಾಣಿಯನ್ನೂ ರೆಕ್ಕೆಯಂಚಿನ ಹಲಗೆಗಳನ್ನೂ ಅತ್ತಿತ್ತ ತಿರುಗಿಸಿ ಆ ತೇಲುವಿಕೆಯ ದಿಕ್ಕನ್ನು ತಕ್ಕಮಟ್ಟಿಗೆ ಬದಲಾಯಿಸಬಹುದು. ಈ ವಿದ್ಯೆಯ ಪರಾಕಾಷ್ಠೆಯನ್ನು ತೋರಿದವನು ಅಮೆರಿಕದ ನೌಕಾಪಡೆಯ ಜಾನ್ ರಾಜರ್ಸ್. 1925ರ ಆಗಸ್ಟ್ 31ರಂದು ಸ್ಯಾನ್‌ಫ್ರಾನ್ಸಿಸ್ಕೋದಿಂದ ಹವಾಯಿ ದ್ವೀಪಗಳಿಗೆ ಹೊರಟ ಅವನ ಫ್ಲೈಯಿಂಗ್ ಬೋಟಿನ ಇಂಧನ ಮರುದಿನ ಮುಗಿದು, ಎಂಜಿನ್ನುಗಳು ನಿಂತು, ಐದು ಜನರೊಡನೆ ಅದು ಶಾಂತಸಾಗರದ ಮೇಲಿಳಿಯಿತು. ಹುಡುಕಲು ಹೊರಟ ಹಡಗುಗಳಿಗೆ ಅವರು ಕಾಣಲಿಲ್ಲ. ಆಗ ಆ ಐವರೂ ಕೆಳಗಣ ರೆಕ್ಕೆಯ ಬಟ್ಟೆಯನ್ನು ಹರಿದು ಹಾಯಿ ಕಟ್ಟಿ, ವಿಮಾನವನ್ನು ಹಾಯಿಹಡಗನ್ನಾಗಿ ಮಾರ್ಪಡಿಸಿ, ಸುಮಾರು 450 ಮೈಲಿಗಳನ್ನು ಕ್ರಮಿಸಿ, ಸೆಪ್ಟೆಂಬರ್ 10ರಂದು ಕವಾಯಿ ದ್ವೀಪದ ಸಮೀಪದಲ್ಲಿ ಜಲಾಂತರ್ಗಾಮಿ ನೌಕೆಯೊಂದರ ಕಣ್ಣಿಗೆ ಬಿದ್ದರು, ಐವರೂ ಬದುಕಿದರು. ವಿಮಾನಚರಿತ್ರೆಯಲ್ಲಿ ಇದಕ್ಕಿಂತ ಉಜ್ವಲವಾದ ಧೈರ್ಯದ ಕಥೆಯನ್ನು ನಾನು ಅರಿಯೆ.

ಆದರೆ ಸಮುದ್ರ ಯಾವಾಗಲೂ ಇಷ್ಟು ದಯಾಪರವಾಗಿರುವುದಿಲ್ಲ. 1939ರ ಜನವರಿ 21ರಂದು, ನ್ಯೂಯಾರ್ಕಿನಿಂದ ಬರ್ಮ್ಯುಡಾ ದ್ವೀಪಕ್ಕೆ ಹೊರಟಿದ್ದ ಇಂಪೀರಿಯಲ್ ಏರ್‌ವೇಸಿನ ‘ಕೆವಲಿಯರ್’ ಎಂಬ ಫ್ಲೈಯಿಂಗ್ ಬೋಟಿನ ಕಾರ್ಬ್ಯುರೇಟರುಗಳಲ್ಲಿ ಮಂಜುಗಡ್ಡೆ ಕಟ್ಟಿ ಎಂಜಿನ್ನುಗಳು ಬಲಗುಂದಿದವು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಆವಿಯಾಗುವಾಗ ಸುತ್ತಣ ಶಾಖವನ್ನು ಹೀರಿಕೊಳ್ಳುವುದರಿಂದ, ಹೊರಗಿನ ಹವೆ ಬೆಚ್ಚಗಿದ್ದರೂ ತೇವ ಹೆಚ್ಚಿದ್ದರೆ ಒಳಗೆ ಹೀಗೆ ಹಿಮ ಕಟ್ಟುವುದುಂಟು. ಒರಟಾದ ಕಡಲಿನ ಮೇಲಿಳಿದ ‘ಕೆವಲಿಯರ್’ ಸ್ವಲ್ಪ ಹೊತ್ತಿನಲ್ಲಿ ಮುಳುಗಿತು. 13 ಜನರಲ್ಲಿ ಮೂವರು ಮಡಿದರು. ಉಳಿದ ಹತ್ತು ಮಂದಿ ಸುಮಾರು ಹತ್ತು ಗಂಟೆಗಳ ಕಾಲ ನೀರಿನಲ್ಲಿ ತೇಲುತ್ತಿದ್ದು, ಎಣ್ಣೆಹಡಗೊಂದರ ನಾವಿಕರಿಂದ ರಕ್ಷಿತರಾದರು.

ನಮ್ಮ ದೇಶದ ಒಳನಾಡಿನಲ್ಲಿಯೂ ಒಂದು ಕಾಲಕ್ಕೆ ಈ ಹಾರುವ ದೋಣಿಗಳು ಬಂದಿಳಿಯುತ್ತಿದ್ದುವು. ಇಂಗ್ಲೆಂಡಿನಿಂದ ಹೊರಟ ಅಂಚೆ ಮತ್ತು ಪ್ರಯಾಣಿಕರನ್ನು ಹೊತ್ತ ಇಂಪೀರಿಯಲ್ ಏರ್‌ವೇಸ್ ವಿಮಾನಗಳು, 1930ರ ದಶಕದ ಕೊನೆಯಲ್ಲಿ, ಕರಾಚಿಯಿಂದ ಕಲ್ಕತ್ತೆಗೆ ಹೋಗುವ ದಾರಿಯಲ್ಲಿ ಮೇವಾಡದ ರಾಜಸಮಂದ ಸರೋವರದಲ್ಲಿ ಇಳಿಯುತ್ತಿದ್ದುವು. ಆ ಸರೋವರ ಹದಿನೇಳನೆಯ ಶತಮಾನದಲ್ಲಿ ಮಹಾರಾಣಾ ರಾಜಸಿಂಹನು ಕ್ಷಾಮಪೀಡಿತರಿಗೆ ಕೆಲಸ ಕೊಡಲೆಂದು ಕಟ್ಟಿಸಿದುದು. ಬರದ ಬವಣೆಯಿಂದ ಹುಟ್ಟಿದ ನೀರು ಸುಮಾರು ಎರಡೂವರೆ ಶತಮಾನಗಳ ಬಳಿಕ ಆಕಾಶಯಾನಿಗಳಿಗೆ ಆಶ್ರಯವಾಯಿತು. ಕನ್ನಡನಾಡಿನ ಪಾಲಿಗೆ ಅಂತಹ ಗೌರವವನ್ನು ಪಡೆದುದು ಬೆಂಗಳೂರಿನ ಬೆಳ್ಳಂದೂರು ಕೆರೆ. ಜತ್ತಕ್ಕೆ ನೆರೆಯಾದ ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು, ಸಾಂಗಲಿಯ ಎಂಜಿನಿಯರಿಂಗ್ ಕಾಲೇಜು ಇಂದು ಯಾರ ಹೆಸರನ್ನು ಹೊತ್ತಿದೆಯೋ ಅವರೇ, ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿಗೆ ದುರಸ್ತಿಗಾಗಿ ಬರುತ್ತಿದ್ದ ಕೆಟಲೀನಾ ಎಂಬ ಎರಡು ಎಂಜಿನ್ನುಗಳ ಫ್ಲೈಯಿಂಗ್ ಬೋಟುಗಳು, ಸಮುದ್ರದಿಂದ ನೂರಾರು ಮೈಲಿ ದೂರದ, ಸುಮಾರು 900 ಮೀಟರ್ ಎತ್ತರದ ಆ ಕೆರೆಯ ನೀರಿನಲ್ಲಿ ಇಳಿದು, ಅಲ್ಲಿಂದ ಕಾರ್ಖಾನೆಗೆ ಸಾಗುತ್ತಿದ್ದುವು. ಅದೇ ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿ ಕೊಳಚೆಯ ಕಾರಣದಿಂದ ಹೊತ್ತಿ ಉರಿದುದನ್ನು ನೆನೆದಾಗ ಎದೆ ನೋಯುತ್ತದೆ.

ಈಗ ಜತ್ತದ ಆಕಾಶಕ್ಕೆ ಮರಳೋಣ. ಮೊದಲು ಹೇಳಿದ ಆ ಕಲ್ಪಿತ ಗೆರೆಯ ನಡುಮಧ್ಯದಲ್ಲಿ, 3,000 ಮೀಟರ್ ಎತ್ತರದಲ್ಲಿ, ಒಂಟಿ ಎಂಜಿನ್ನಿನ ಜಲವಿಮಾನವೊಂದು ಬಲಗುಂದಿತೆನ್ನಿ. ಅದು ಜಾರಿ ಮುಟ್ಟಬಹುದಾದುದು ಹೆಚ್ಚೆಂದರೆ 24 ಕಿಲೋಮೀಟರ್; ಉಜನಿ, ಆಲಮಟ್ಟಿಗಳೆರಡೂ ಸುಮಾರು ನೂರು ಕಿಲೋಮೀಟರ್ ದೂರ. ಆಗ ಅದಕ್ಕೆ ಗತಿಯೆಂದರೆ ಸಂಖದ ಕೆರೆ, ದೊಡ್ಡನಾಲೆಯ ಕೆರೆಗಳಂತಹ ನೀರು. ಅವೂ ಬೇಸಗೆಯಲ್ಲಿ ಎಷ್ಟರಮಟ್ಟಿಗೆ ನೀರಾಗಿರುತ್ತವೆಂಬುದು ಟ್ಯಾಂಕರಿನ ದಾರಿ ಕಾಯ್ದ ಈ ಸೀಮೆಯ ತಾಯಂದಿರಿಗೆ ಗೊತ್ತು. ನೀರಿಲ್ಲದಿದ್ದರೆ ನೆಲ. 1924ರಲ್ಲಿಯೇ ಭೂಪ್ರದಕ್ಷಿಣೆಗೆ ಹೊರಟಿದ್ದ ಬ್ರಿಟನ್ನಿನ ಮ್ಯಾಕ್‌ಲಾರೆನ್ನನ ಉಭಯಚರ ವಿಮಾನಕ್ಕೆ ರಾಜಪುತಾನದ ಒಣನೆಲದ ಪಾರ್ಲು ಎಂಬಲ್ಲಿ ಎಂಜಿನ್ ಕೆಟ್ಟಾಗ, ಅದಕ್ಕೆ ಚಕ್ರಗಳೂ ಇದ್ದುದರಿಂದ ನೆಲ ಮುಟ್ಟಲು ಸಾಧ್ಯವಾಯಿತು. ಚಕ್ರವಿಲ್ಲದ ಫ್ಲೋಟ್ ವಿಮಾನವನ್ನೂ ಹಸಿಯಾದ ಹುಲ್ಲುನೆಲದ ಮೇಲೆ ಜಾರಿಸಿ ನಿಲ್ಲಿಸುವುದುಂಟು. ಆದರೆ ಬಿರುಕುಬಿಟ್ಟ ಎರೆಯ ಹೊಲ, ಕಲ್ಲಿನ ಮಡ್ಡಿ, ಅದಕ್ಕಿಂತ ಹೆಚ್ಚಾಗಿ ಕಂಬ ನೆಟ್ಟು ತಂತಿ ಬಿಗಿದ ದ್ರಾಕ್ಷಿಯ ತೋಟ ಇವು ಫ್ಲೋಟುಗಳನ್ನು ಹಿಡಿದು ವಿಮಾನವನ್ನು ಮಗುಚಿಬಿಡಬಲ್ಲವು. ಮೇಲಿನಿಂದ ನೋಡಿದರೆ ತೋಟದ ಹಸುರೇ ಮೃದುವಾಗಿ ಕಾಣುತ್ತದೆಂಬುದು ಇನ್ನೂ ಅಪಾಯಕರ. ಬಿಳಿಜೋಳ ಕೊಯ್ದು ಬಯಲಾದ ಹೊಲ ಅದಕ್ಕಿಂತ ಎಷ್ಟೋ ಮೇಲು.

ಆದುದರಿಂದ ಒಳನಾಡಿನ ಜಲಾಶಯಗಳ ನಡುವೆ ವಿಮಾನಗಳನ್ನು ಹಾರಿಸಲು ಉದ್ಯುಕ್ತರಾಗುವ ಸರಕಾರಗಳಿಗೆ, ಅದು ಮಹಾರಾಷ್ಟ್ರವಾಗಲಿ ಕರ್ನಾಟಕವಾಗಲಿ, ನಮ್ಮ ಬಿನ್ನಹವಿಷ್ಟು. ಒಂದೇ ಎಂಜಿನ್ನಿನ ವಿಮಾನವನ್ನು ನೀರಿಲ್ಲದ ಸೀಮೆಯ ಮೇಲೆ ಕಳುಹಿಸಬೇಡಿರಿ. ಕಳುಹಿಸುವುದೇ ಆದರೆ ದಾರಿಯುದ್ದದ ಕೆರೆಗಳ ಆಳವನ್ನೂ, ಹಿನ್ನೀರಿನಲ್ಲಿ ಮುಳುಗಿನಿಂತ ಮರದ ಬೊಡ್ಡೆಗಳನ್ನೂ, ನೀರಿನ ಮೇಲೆ ಹಾಯ್ದ ವಿದ್ಯುತ್ ತಂತಿಗಳನ್ನೂ ಋತುಋತುವಿಗೆ ಗುರುತಿಸಿ ಚಾಲಕರ ಕೈಗೆ ಕೊಡಿರಿ. ದಂಡೆಯ ಮೀನುಗಾರರಿಗೆ ಹಗ್ಗ ಕಟ್ಟಿ ಎಳೆಯುವುದನ್ನೂ, ಮಗುಚಿದ ವಿಮಾನದ ಬಾಗಿಲನ್ನು ತೆರೆಯುವುದನ್ನೂ ಕಲಿಸಿ, ಅವರಿಗೆ ಗೌರವಧನವನ್ನು ಗೊತ್ತುಮಾಡಿರಿ. ಹ್ವೇ ನಗರದ ಅಂಬಿಗರು ಮಾಡಿದ ಕೆಲಸವನ್ನು ನಮ್ಮಲ್ಲಿ ಮಾಡಬೇಕಾದವರು ಅವರೇ.

ಪ್ರಯಾಣಿಕರಾಗಿ ಹತ್ತುವ ಓದುಗರಿಗೂ ಒಂದು ಮಾತು. 1996ರ ನವೆಂಬರ್ 23ರಂದು, ಮುಂಬಯಿಯಿಂದ ಹೊರಟು ಆಡಿಸ್ ಅಬಾಬಾದ ಮೇಲೆ ಸಾಗುತ್ತಿದ್ದ ಇಥಿಯೋಪಿಯದ ವಿಮಾನವೊಂದು ಅಪಹೃತವಾಗಿ, ಇಂಧನ ತೀರಿ, ಕೊಮೊರೋ ದ್ವೀಪದ ಬಳಿ ಕಡಲಿಗಿಳಿಯಿತು. 175 ಜನರಲ್ಲಿ 125 ಮಂದಿ ಸತ್ತರು. ಅವರಲ್ಲಿ ಹಲವರು ಜೀವರಕ್ಷಕ ಜಾಕೆಟ್ಟನ್ನು ಒಳಗಿರುವಾಗಲೇ ಉಬ್ಬಿಸಿಕೊಂಡುದರಿಂದ, ನೀರು ನುಗ್ಗಿದಾಗ ಛಾವಣಿಗೆ ತೇಲಿ ಸಿಕ್ಕಿಕೊಂಡು, ಬಾಗಿಲಿನ ಕಡೆಗೆ ಮುಳುಗಿ ಹೋಗಲಾರದೆ ಪ್ರಾಣಬಿಟ್ಟರು. ಜಲವಿಮಾನದಲ್ಲಿ ಕುಳಿತೊಡನೆ ನಿಮ್ಮ ಆಸನದಿಂದ ಬಾಗಿಲಿಗಿರುವ ದಾರಿಯನ್ನು ಕೈಯಿಂದಲೇ ಮುಟ್ಟಿ ಗುರುತಿಟ್ಟುಕೊಳ್ಳಿರಿ. ಜಾಕೆಟ್ಟನ್ನು ಧರಿಸಿರಿ, ಆದರೆ ವಿಮಾನದಿಂದ ಹೊರಬಂದ ಮೇಲೆಯೇ ಅದನ್ನು ಉಬ್ಬಿಸಿರಿ.